ನಿಮ್ಮ ಹೊಸ ಮನೆಗೆ ಬೆಂಕಿ ಆರಿಸಲು ಯಾರು ಬರುತ್ತಾರೆ?

ನಮಸ್ಕಾರ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ, ತನ್ನದೇ ಸ್ಥಳೀಯ ಆಡಳಿತವಿರುವ ಒಂದು ಟೌನ್‌ಶಿಪ್‌ನಲ್ಲಿ ಮನೆ ಕೊಳ್ಳಲು ಹೊರಟಿರುವ ನೀವು, ಅಲ್ಲಿನ ಅಗ್ನಿಶಾಮಕ ದಳದಲ್ಲಿ ಇರುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು ಎಂದು ಏಜೆಂಟರಿಂದ ತಿಳಿದು ಗಾಬರಿಯಾಗಿದ್ದೀರಿ. ಇಷ್ಟು ಸಿರಿವಂತ ದೇಶದಲ್ಲಿ ಬೆಂಕಿ ಆರಿಸುವುದಕ್ಕೆ ಸಂಬಳದ ಜನ ಇಲ್ಲವೇ, ಅಂಥ ಊರಿನಲ್ಲಿ ಮನೆ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಳ್ಳಬಹುದು. ಆದರೆ ಠಾಣೆ ಮನೆಯಿಂದ ಒಂದೂವರೆ ಮೈಲಿ ದೂರದಲ್ಲಿದೆ ಎಂಬ ಮಾತಿಗೇ ಸಮಾಧಾನಪಟ್ಟುಕೊಳ್ಳಬೇಡಿ. ವಾರದ ನಡುವಿನ ಒಂದು ಮಧ್ಯಾಹ್ನ ಎರಡು ಗಂಟೆಗೆ ಕರೆ ಬಂದರೆ ಆ ಠಾಣೆಯಿಂದ ಎಷ್ಟು ಜನ ಹೊರಡಬಲ್ಲರು ಎಂಬುದೇ ನೀವು ವಿಚಾರಿಸಬೇಕಾದ ಸಂಗತಿ. ಅದು ಏಕೆ ಎಂಬುದು ತಿಳಿಯಬೇಕಾದರೆ ಇಲ್ಲಿನ ವ್ಯವಸ್ಥೆಯ ಬುಡದಿಂದಲೇ ಹೇಳಬೇಕಾಗುತ್ತದೆ.

ಕರ್ನಾಟಕದಲ್ಲಿ ಅಗ್ನಿಶಾಮಕ ಇಲಾಖೆ ರಾಜ್ಯ ಸರ್ಕಾರದ್ದು. ಬೀದರ್ ಆಗಲಿ ಮಡಿಕೇರಿ ಆಗಲಿ, ಠಾಣೆಯಲ್ಲಿರುವವರು ಒಂದೇ ಇಲಾಖೆಯ ನೌಕರರು. ಅಮೆರಿಕದಲ್ಲಿ ಅಂಥ ಇಲಾಖೆ ರಾಷ್ಟ್ರದ ಮಟ್ಟದಲ್ಲಂತೂ ಇಲ್ಲ, ಬಹುಪಾಲು ರಾಜ್ಯಗಳಲ್ಲಿಯೂ ಇಲ್ಲ. ಫೆಡರಲ್ ಸರ್ಕಾರದ ಅಗ್ನಿಶಾಮಕ ಆಡಳಿತ ಕಚೇರಿಯು ತರಬೇತಿ ನೀಡುತ್ತದೆ, ಅಂಕಿಅಂಶ ಕಲೆಹಾಕುತ್ತದೆ. ಮನೆಯ ಬಾಗಿಲಿಗೆ ವಾಹನ ಕಳುಹಿಸುವುದು ಅದರ ಕೆಲಸವಲ್ಲ. ಅರಣ್ಯ ಇಲಾಖೆಗೆ ಕಾಡ್ಗಿಚ್ಚಿನ ಹೊಣೆ ಇದೆ, ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಅದಕ್ಕಾಗಿ ತಮ್ಮದೇ ದೊಡ್ಡ ಪಡೆ ಇಟ್ಟುಕೊಂಡಿವೆ. ಉಳಿದದ್ದೆಲ್ಲ ಸ್ಥಳೀಯರ ಪಾಲು. ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ 2020ರ ಅಂದಾಜಿನಂತೆ ದೇಶದಲ್ಲಿ 29,452 ಅಗ್ನಿಶಾಮಕ ದಳಗಳಿದ್ದವು. ಸುಮಾರು 11,000 ಅಗ್ನಿಶಾಮಕರಿರುವ ನ್ಯೂಯಾರ್ಕ್ ನಗರದ್ದೂ ಈ ಲೆಕ್ಕದಲ್ಲಿ ಒಂದು ದಳವೇ. ಒಂದು ಶೆಡ್ಡು, ಎರಡು ವಾಹನ, ಊರಿನ ಹದಿನೈದಿಪ್ಪತ್ತು ಜನರಿಂದ ನಡೆಯುವಂಥದ್ದೂ ಒಂದು ದಳವೇ.

ಅದೇ ವರ್ಷದ ಲೆಕ್ಕದಲ್ಲಿ ದೇಶದ ಒಟ್ಟು ಅಗ್ನಿಶಾಮಕರು ಸುಮಾರು 10 ಲಕ್ಷ 40 ಸಾವಿರ. ಅವರಲ್ಲಿ 6,76,900 ಮಂದಿ, ಅಂದರೆ ನೂರಕ್ಕೆ 65ರಷ್ಟು, ಸ್ವಯಂಸೇವಕರು. ಹಾಗೆಂದು ದೇಶದ ಮೂರರಲ್ಲಿ ಎರಡು ಪಾಲು ಜನರನ್ನು ಸ್ವಯಂಸೇವಕರೇ ಕಾಯುತ್ತಾರೆ ಎಂದುಕೊಳ್ಳಬಾರದು. ಸಂಬಳದ ದಳಗಳು ಎಣಿಕೆಯಲ್ಲಿ ಕಡಿಮೆಯಾದರೂ ದೊಡ್ಡ ನಗರಗಳಲ್ಲಿರುವುದರಿಂದ ಜನಸಂಖ್ಯೆಯ ಹೆಚ್ಚಿನ ಭಾಗ ಅವುಗಳ ವ್ಯಾಪ್ತಿಯಲ್ಲಿದೆ. ಸ್ವಯಂಸೇವಕರ ದಳಗಳು ಎಣಿಕೆಯಲ್ಲಿ ಬಹಳವಾದರೂ ಚಿಕ್ಕ ಊರುಗಳಲ್ಲಿ ಚದುರಿಕೊಂಡಿವೆ. ಇದು ಇತಿಹಾಸದಿಂದ ಬಂದ ಹಂಚಿಕೆ. ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ 1736ರಲ್ಲಿ ಕಟ್ಟಿದ್ದು ಸ್ವಯಂಸೇವಕರ ಕೂಟವನ್ನು. ಪೂರ್ತಿ ಸಂಬಳದ ಮೊದಲ ನಗರ ದಳ ಸಿನ್ಸಿನ್ನಾಟಿಯಲ್ಲಿ ಶುರುವಾದದ್ದು 1853ರಲ್ಲಿ, ಹಬೆಯ ಇಂಜಿನ್ ಬಂದು ಪಂಪು ಒತ್ತುವ ಜನರ ಗುಂಪು ಬೇಡವಾದಾಗ. ತೆರಿಗೆ ಕೊಡುವ ಜನ ಒತ್ತೊತ್ತಾಗಿ ನೆಲೆಸಿದ ಕಡೆಯೆಲ್ಲ ಸಂಬಳದ ದಳ ಬಂತು, ಉಳಿದೆಡೆ ಹಳೆಯ ಪದ್ಧತಿ ನಿಂತಿತು. ಪೆನ್ಸಿಲ್ವೇನಿಯಾದಲ್ಲಿ ಅದು ಉಳಿದೆಡೆಗಳಿಗಿಂತ ಗಟ್ಟಿಯಾಗಿಯೇ ನಿಂತಿದೆ. ಆದ್ದರಿಂದ ನಿಮ್ಮ ಟೌನ್‌ಶಿಪ್ ವಿಚಿತ್ರವೇನಲ್ಲ. ಆ ರಾಜ್ಯದ ಮಟ್ಟಿಗೆ ಅದೇ ರೂಢಿ.

ಸಂಬಳದ ಜನರನ್ನು ಇಡುವುದು ಚಿಕ್ಕ ಊರಿಗೆ ಏಕೆ ಭಾರವಾಗುತ್ತದೆ ಎಂಬುದನ್ನು ಕೂಡಿಸಿ ಕಳೆದು ನೋಡಿದರೆ ತಿಳಿಯುತ್ತದೆ. ಇಲ್ಲಿನ ಅಗ್ನಿಶಾಮಕರು ಸಾಮಾನ್ಯವಾಗಿ 24 ತಾಸು ಸತತ ಕೆಲಸ, 48 ತಾಸು ಬಿಡುವು ಎಂಬ ಪಾಳಿಯಲ್ಲಿ ದುಡಿಯುತ್ತಾರೆ. ಸರಾಸರಿ ವಾರಕ್ಕೆ 56 ತಾಸು. ವಾರದಲ್ಲಿರುವುದು 168 ತಾಸು. ಅಂದರೆ ವಾಹನದ ಒಂದು ಆಸನ ಹಗಲೂ ರಾತ್ರಿ ಖಾಲಿ ಬೀಳದಂತೆ ನೋಡಿಕೊಳ್ಳಲು ಮೂವರು ಬೇಕು. ರಜೆ, ಕಾಯಿಲೆ, ತರಬೇತಿ ಸೇರಿಸಿದರೆ ನಾಲ್ವರ ಸಮೀಪಕ್ಕೆ ಹೋಗುತ್ತದೆ. ಒಂದು ಇಂಜಿನ್‌ನಲ್ಲಿ (ನೀರು, ಪಂಪು ಇರುವ ಅಗ್ನಿಶಾಮಕ ವಾಹನದಲ್ಲಿ) ನಾಲ್ವರಿರಬೇಕು ಎಂದಾದರೆ ಒಂದೇ ವಾಹನಕ್ಕೆ ಹದಿನಾರು ಸಂಬಳ, ಹದಿನಾರು ಆರೋಗ್ಯ ವಿಮೆ, ಹದಿನಾರು ಪಿಂಚಣಿ. ಆರು ಸಾವಿರ ಜನರ ಟೌನ್‌ಶಿಪ್‌ನ ಆಸ್ತಿ ತೆರಿಗೆ ಇದನ್ನು ಹೊರುವುದು ಕಷ್ಟ. ಹೀಗಾಗಿಯೇ ಅನೇಕ ಊರುಗಳು ಹಗಲಿಗೆ ಇಬ್ಬರು ಸಂಬಳದವರು, ರಾತ್ರಿಗೆ ಸ್ವಯಂಸೇವಕರು ಎಂಬ ಮಿಶ್ರ ವ್ಯವಸ್ಥೆಗೆ ಇಳಿದಿವೆ.

ನಾಲ್ವರೇ ಏಕೆ ಎಂದರೆ, ಹೊಗೆ ತುಂಬಿದ ಕಟ್ಟಡದೊಳಗೆ ಇಬ್ಬರು ಜೊತೆಯಾಗಿ ಹೋಗುವಾಗ ಅವರನ್ನು ಹೊರತರಲು ಸಿದ್ಧರಾಗಿ ಇಬ್ಬರು ಹೊರಗಿರಬೇಕೆಂದು ಫೆಡರಲ್ ಕಾರ್ಮಿಕ ಸುರಕ್ಷತಾ ನಿಯಮ 1998ರಿಂದ ವಿಧಿಸಿದೆ. ಒಳಗೆ ಜೀವ ಸಿಕ್ಕಿಕೊಂಡಿರುವುದು ಗೊತ್ತಿದ್ದರೆ ವಿನಾಯಿತಿಯುಂಟು. ಇಲ್ಲದಿದ್ದರೆ, ಇಬ್ಬರೇ ಬಂದಿಳಿದ ವಾಹನವು ಹೊರಗಿನಿಂದ ನೀರು ಹಾರಿಸುತ್ತ ಮುಂದಿನ ವಾಹನಕ್ಕಾಗಿ ಕಾಯಬೇಕಾಗುತ್ತದೆ. ಅಗ್ನಿ ಸಂರಕ್ಷಣಾ ಸಂಘವು ಸಂಬಳದ ದಳಗಳಿಗೆ 1710 ಎಂಬ ಮಾನದಂಡವನ್ನೂ ಸ್ವಯಂಸೇವಕ ದಳಗಳಿಗೆ 1720 ಎಂಬ ಮಾನದಂಡವನ್ನೂ ರೂಪಿಸಿತು. ಮೊದಲನೆಯದರಲ್ಲಿ ನಾಲ್ವರಿರುವ ಮೊದಲ ಇಂಜಿನ್ ರಸ್ತೆಯಲ್ಲಿ ನಾಲ್ಕು ನಿಮಿಷ ಓಡಿ ತಲುಪಬೇಕು. ಎರಡನೆಯದರಲ್ಲಿ ಚದರ ಮೈಲಿಗೆ ಐನೂರಕ್ಕಿಂತ ಕಡಿಮೆ ಜನರಿರುವ ಗ್ರಾಮಾಂತರಕ್ಕೆ ಆರು ಜನ ಹದಿನಾಲ್ಕು ನಿಮಿಷದಲ್ಲಿ ಸೇರಬೇಕು, ಅದೂ ನೂರರಲ್ಲಿ ಎಂಬತ್ತು ಸಲ ಸಾಕು. ಸ್ಥಳೀಯ ಆಡಳಿತ ಒಪ್ಪಿಕೊಳ್ಳದ ಹೊರತು ಇವು ಕಾನೂನಲ್ಲ. ಆದರೂ ನಾಲ್ಕು ನಿಮಿಷಕ್ಕೂ ಹದಿನಾಲ್ಕು ನಿಮಿಷಕ್ಕೂ ಇರುವ ಅಂತರವನ್ನು ಮನೆ ಕೊಳ್ಳುವವರು ಗಮನಿಸಲೇಬೇಕು, ಏಕೆಂದರೆ ಇಂದಿನ ಸೋಫಾ, ಹಾಸಿಗೆ, ಪರದೆಗಳೆಲ್ಲ ಪೆಟ್ರೋಲಿಯಂ ಮೂಲದ ವಸ್ತುಗಳು. ಅಂಥ ಸಾಮಾನಿನ ಕೋಣೆಯೊಂದು ಐದು ನಿಮಿಷದೊಳಗೆ ಪೂರ್ತಿ ಹೊತ್ತಿಕೊಳ್ಳುವುದನ್ನೂ, ಹತ್ತಿ, ಮರಗಳ ಹಳೆಯ ಸಾಮಾನಿದ್ದ ಕೋಣೆ ಅದಕ್ಕೆ ಅರ್ಧ ಗಂಟೆಯ ಹತ್ತಿರ ಹಿಡಿಯುವುದನ್ನೂ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಸುರಕ್ಷತಾ ಪರೀಕ್ಷಾ ಸಂಸ್ಥೆ ಪ್ರಯೋಗ ಮಾಡಿ ತೋರಿಸಿದೆ.

ನಾನಿರುವುದು ನ್ಯೂಜೆರ್ಸಿಯಲ್ಲಿ, ಸ್ವಯಂಸೇವಕರ ದಳವಿರುವ ಊರಿನಲ್ಲೇ. ನಮ್ಮ ಎದುರು ಮನೆಯವರು ವೃತ್ತಿಯಿಂದ ಎಲೆಕ್ಟ್ರಿಷಿಯನ್. ಸಂಜೆ ಅವರು ಅಂಗಳದ ಹುಲ್ಲು ಕತ್ತರಿಸುತ್ತಿರುವಾಗ ಸೊಂಟದ ಪೇಜರ್ ಕೂಗಿಕೊಂಡರೆ, ಯಂತ್ರವನ್ನು ಅರ್ಧ ಸಾಲಿನಲ್ಲೇ ನಿಲ್ಲಿಸಿ, ಟ್ರಕ್ಕಿನ ಮೇಲಿನ ನೀಲಿ ದೀಪ ಹಚ್ಚಿಕೊಂಡು ಠಾಣೆಗೆ ಹೊರಟುಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿಯೇ ಇಂಜಿನ್ನಿನ ಸೈರನ್ ಕೇಳಿಸುತ್ತದೆ. ಇದು ಸಂಜೆಯ ಮಾತು. ಹಗಲು ಹನ್ನೊಂದಕ್ಕೆ ಅದೇ ಪೇಜರ್ ಕೂಗಿದಾಗ ಅವರು ಮೂವತ್ತು ಮೈಲಿ ಆಚೆ ಯಾವುದೋ ಕಟ್ಟಡದಲ್ಲಿ ತಂತಿ ಎಳೆಯುತ್ತಿರುತ್ತಾರೆ. ಊರಿನಲ್ಲೇ ಗಿರಣಿ, ಅಂಗಡಿ, ಹೊಲಗಳಲ್ಲಿ ದುಡಿಯುತ್ತಿದ್ದ ಕಾಲಕ್ಕೆ ಹೊಂದಿಕೊಂಡಿದ್ದ ಈ ಪದ್ಧತಿ, ಎಲ್ಲರೂ ಬೇರೆ ಊರಿಗೆ ಕಾರಿನಲ್ಲಿ ಹೋಗಿ ದುಡಿಯುವ ಕಾಲದಲ್ಲಿ ಹಗಲಿನ ಹೊತ್ತು ಬಡವಾಗುತ್ತಿದೆ. ಮೂಲ ತರಬೇತಿಗೇ ನೂರಾರು ತಾಸು ಬೇಕಾಗುವುದರಿಂದ ಹೊಸಬರು ಸೇರುವುದೂ ಇಳಿದಿದೆ. 1984ರಲ್ಲಿ ದೇಶದಲ್ಲಿ ಸುಮಾರು 8,98,000 ಸ್ವಯಂಸೇವಕರಿದ್ದರು. ಅಂದಿನಿಂದ ಕರೆಗಳು ಮಾತ್ರ ಹಲವು ಪಟ್ಟು ಏರಿವೆ. ಆ ಕರೆಗಳಲ್ಲಿ ಮೂರರಲ್ಲಿ ಎರಡು ಪಾಲು ಎದೆನೋವು, ಬಿದ್ದು ಪೆಟ್ಟಾಗುವುದು ಮೊದಲಾದ ವೈದ್ಯಕೀಯ ತುರ್ತುಗಳು. ನಿಜವಾದ ಬೆಂಕಿ ನೂರಕ್ಕೆ ನಾಲ್ಕರ ಆಸುಪಾಸು.

ಇನ್ನು ಗಡಿಯ ವಿಷಯ. ನಿಮ್ಮ ಅಂಚೆ ವಿಳಾಸದಲ್ಲಿರುವ ಊರಿನ ಹೆಸರಿಗೂ ನಿಮ್ಮನ್ನು ಕಾಯುವ ದಳಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಕೆಲವೆಡೆ ನಗರಸಭೆಯ ದಳ, ಕೆಲವೆಡೆ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ) ದಳ. ಲಾಸ್ ಏಂಜಲೀಸ್ ಕೌಂಟಿಯ ದಳವಂತೂ ಐವತ್ತಕ್ಕೂ ಹೆಚ್ಚು ನಗರಗಳಿಗೆ ಸೇವೆ ಕೊಡುತ್ತದೆ. ಟೆಕ್ಸಸ್‌ನಲ್ಲಿ ನಗರದ ಎಲ್ಲೆಯ ಹೊರಗಿನವರಿಗೆ ತುರ್ತು ಸೇವಾ ಜಿಲ್ಲೆ ಎಂಬ ಪ್ರತ್ಯೇಕ ಸಂಸ್ಥೆ ಇದ್ದು, ಆಸ್ತಿಯ ಪ್ರತಿ ನೂರು ಡಾಲರ್ ಬೆಲೆಗೆ ಹತ್ತು ಸೆಂಟ್‌ವರೆಗೆ ತೆರಿಗೆ ಹಾಕುತ್ತದೆ. ನ್ಯೂಜೆರ್ಸಿಯ ಹಲವು ಅಗ್ನಿ ಜಿಲ್ಲೆಗಳು ತಮ್ಮ ಬಜೆಟ್ಟನ್ನೇ ಮತಕ್ಕೆ ಹಾಕುತ್ತವೆ. ಆ ಚುನಾವಣೆಗೆ ಬಹುಕಾಲದಿಂದ ಗೊತ್ತಾಗಿರುವ ದಿನ ಫೆಬ್ರವರಿಯ ಮೂರನೇ ಶನಿವಾರ, ಆ ಚಳಿಯಲ್ಲಿ ಮತ ಹಾಕಲು ಬರುವವರು ಬೆರಳೆಣಿಕೆಯಷ್ಟು. ನಿಮ್ಮ ಪೆನ್ಸಿಲ್ವೇನಿಯಾದಲ್ಲಿ ದಳಗಳು ಹೆಚ್ಚಾಗಿ ಸ್ವತಂತ್ರ ಸಂಘಗಳು: ಟೌನ್‌ಶಿಪ್ ಸ್ವಲ್ಪ ಹಣ ಕೊಡುತ್ತದೆ, ಹೊರರಾಜ್ಯದ ವಿಮಾ ಕಂಪನಿಗಳ ಪ್ರೀಮಿಯಂ ಮೇಲಿನ ಶೇ. 2ರ ತೆರಿಗೆಯಲ್ಲಿ ಒಂದು ಪಾಲು ರಾಜ್ಯದ ಮೂಲಕ ಬರುತ್ತದೆ, ಮಿಕ್ಕದ್ದನ್ನು ಬಿಂಗೋ ಆಟ, ಚಿಕನ್ ಬಾರ್ಬೆಕ್ಯೂ ಮಾರಾಟಗಳಿಂದ ಎತ್ತುತ್ತಾರೆ. ಹಲವು ಲಕ್ಷ ಡಾಲರ್ ಬೆಲೆಯ ಇಂಜಿನ್ನಿಗೆ ಊಟ ಮಾರಿ ಹಣ ಕೂಡಿಸುವುದು ನನಗೆ ಇಂದಿಗೂ ಸರಿ ಎನಿಸುವುದಿಲ್ಲ. ಅವರು ಊಟ ಮಾರುವ ತಾಸುಗಳನ್ನು ಅಭ್ಯಾಸಕ್ಕೆ ಕೊಡುವಂತೆ ಊರು ತೆರಿಗೆ ಕೊಡಬೇಕು.

ತೆರಿಗೆಯ ಬದಲು ವಾರ್ಷಿಕ ಚಂದಾ ಕಟ್ಟಿಸಿಕೊಳ್ಳುವ ಪದ್ಧತಿಯೂ ಅಲ್ಲಲ್ಲಿ ಉಂಟು. ಟೆನೆಸೀ ರಾಜ್ಯದ ಓಬಯಾನ್ ಕೌಂಟಿಯಲ್ಲಿ 2010ರಲ್ಲಿ 75 ಡಾಲರ್ ಚಂದಾ ಕಟ್ಟದವರ ಮನೆಗೆ ಬೆಂಕಿ ಬಿದ್ದಾಗ, ಪಕ್ಕದ ಸೌತ್ ಫುಲ್ಟನ್ ನಗರದ ದಳ ಬಂದು ಚಂದಾ ಕಟ್ಟಿದ್ದ ನೆರೆಯವರ ಜಾಗವನ್ನು ಮಾತ್ರ ಕಾದು, ಆ ಮನೆ ಉರಿದುಹೋಗುವುದನ್ನು ನೋಡುತ್ತ ನಿಂತಿತು. ದೇಶವೆಲ್ಲ ಅದನ್ನು ಚರ್ಚಿಸಿತು. ನಿಮ್ಮ ಊರಿನಲ್ಲಿ ಹಾಗಾಗುವ ಭಯವಿಲ್ಲ. ಆದರೆ ನಾಳೆ ಕೆಲಸದ ನಿಮಿತ್ತ ದಕ್ಷಿಣದ ರಾಜ್ಯಗಳ ಹಳ್ಳಿಗಾಡಿಗೆ ಹೋದರೆ ಚಂದಾ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಒಂದು ದಳದ ಬಲ ಸಾಲದಿದ್ದರೆ ನೆರೆಯ ದಳಗಳು ನೆರವಿಗೆ ಬರುವ ಒಪ್ಪಂದ ಎಲ್ಲೆಡೆ ಇದೆ. ಇದರಲ್ಲಿ ಎರಡು ಬಗೆ. ಮೊದಲ ದಳ ಸ್ಥಳಕ್ಕೆ ಹೋಗಿ ನೋಡಿ, ಕೈ ಮೀರಿದೆ ಎಂದು ಕೇಳಿಕೊಂಡ ಮೇಲೆ ಬರುವ ನೆರವು ಒಂದು. ಮೊದಲ ಕರೆಗೇ ಎರಡು ಮೂರು ದಳಗಳನ್ನು ಒಟ್ಟಿಗೆ ಹೊರಡಿಸುವ ವ್ಯವಸ್ಥೆ ಇನ್ನೊಂದು. ಅರಿಜೋನಾದ ಫೀನಿಕ್ಸ್ ಸುತ್ತಲಿನ ನಗರಗಳು ಎಲ್ಲೆಯ ಗೊಡವೆಯೇ ಇಲ್ಲದೆ, ಯಾವ ವಾಹನ ಹತ್ತಿರದಲ್ಲಿದೆಯೋ ಅದನ್ನೇ ಕಳುಹಿಸುತ್ತವೆ. ಸ್ವಯಂಸೇವಕರ ಊರಿನಲ್ಲಿ ಈ ಎರಡನೆಯ ಬಗೆ ಇದ್ದರೆ ಹಗಲಿನ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ತುರ್ತು ಸಂಖ್ಯೆಯಾದ 911ಕ್ಕೆ ಬಂದ ಕರೆಗಳನ್ನು ಅಲ್ಲಿ ಹಂಚುವುದು ಕೌಂಟಿಯ ಕೇಂದ್ರವಾದ್ದರಿಂದ, ಮನೆಯ ಬೆಂಕಿಗೆ ನಿಮ್ಮ ವಿಳಾಸಕ್ಕೆ ಮೊದಲ ಸಲಕ್ಕೇ ಯಾವ ಯಾವ ದಳ ಹೊರಡುತ್ತದೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ದಳದ ಮುಖ್ಯಸ್ಥರನ್ನು ಕೇಳಿದರೆ ಹೇಳುತ್ತಾರೆ.

ವಿಮಾ ಕಂಪನಿಗಳು ಈ ಲೆಕ್ಕವನ್ನು ನಿಮಗಿಂತ ಮೊದಲೇ ಮಾಡಿಟ್ಟಿರುತ್ತವೆ. ಐಎಸ್‌ಒ (ಇನ್ಶುರೆನ್ಸ್ ಸರ್ವಿಸಸ್ ಆಫೀಸ್) ಎಂಬ ಸಂಸ್ಥೆ ಊರುಗಳಿಗೆ 1ರಿಂದ 10ರವರೆಗೆ ದರ್ಜೆ ಕೊಡುತ್ತದೆ. 1 ಅತ್ಯುತ್ತಮ, 10 ಎಂದರೆ ಕನಿಷ್ಠ ಮಟ್ಟವನ್ನೂ ಮುಟ್ಟಿಲ್ಲ. ಅಂಕಗಳಲ್ಲಿ ಅರ್ಧ ದಳದ ಸಿಬ್ಬಂದಿ, ಸಲಕರಣೆ, ತರಬೇತಿಗೆ, ನಲವತ್ತು ಭಾಗ ನೀರಿನ ಪೂರೈಕೆಗೆ, ಹತ್ತು ಭಾಗ ತುರ್ತು ಕರೆಯ ವ್ಯವಸ್ಥೆಗೆ. ಠಾಣೆಯಿಂದ ರಸ್ತೆಯಲ್ಲಿ ಐದು ಮೈಲಿ ಮೀರಿದ ಮನೆ ಸಾಮಾನ್ಯವಾಗಿ 10ನೇ ದರ್ಜೆಗೆ ಬೀಳುತ್ತದೆ. ಐದು ಮೈಲಿಯೊಳಗಿದ್ದರೂ ಹೈಡ್ರಂಟ್ (ಬೆಂಕಿ ಆರಿಸಲು ಬೀದಿಬದಿಯಲ್ಲಿಟ್ಟ ನೀರಿನ ನಲ್ಲಿ) ಸಾವಿರ ಅಡಿಗಿಂತ ದೂರವಿದ್ದರೆ ಅದೇ ಊರಿನ ಬೇರೆ ಮನೆಗಳಿಗಿಂತ ಕೆಳಗಿನ ದರ್ಜೆ ಸಿಗಬಹುದು. ಇಂಜಿನ್ ಹೊತ್ತು ತರುವುದು ಸಾಮಾನ್ಯವಾಗಿ ಐನೂರರಿಂದ ಸಾವಿರ ಗ್ಯಾಲನ್ ನೀರು, ಅದು ಕೆಲವೇ ನಿಮಿಷದ ಮಾತು. ಹೈಡ್ರಂಟ್ ಇಲ್ಲದ ಕಡೆ ಟ್ಯಾಂಕರ್‌ಗಳು ಕೆರೆಗೂ ಬೆಂಕಿಗೂ ನಡುವೆ ಓಡಾಡಬೇಕು. ಆದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲು ಆ ವಿಳಾಸಕ್ಕೆ ಗೃಹವಿಮೆಯ ದರ ತರಿಸಿಕೊಂಡು, ಯಾವ ದರ್ಜೆ ಹಿಡಿದಿದ್ದೀರಿ ಎಂದು ಕೇಳಿ.

ಮನೆಯೊಳಗೆ ಮಾಡಬೇಕಾದದ್ದು ಸ್ವಲ್ಪ. ಪ್ರತಿ ಮಲಗುವ ಕೋಣೆಯಲ್ಲೂ ಒಂದಕ್ಕೊಂದು ಹೊಂದಿಸಿದ ಸ್ಮೋಕ್ ಅಲಾರಂ ಇರಲಿ, ರಾತ್ರಿ ಕೋಣೆಯ ಬಾಗಿಲು ಮುಚ್ಚಿ ಮಲಗಿ. ಹೊಸ ಬಿಡಿ ಮನೆಗಳಿಗೆ ಸ್ಪ್ರಿಂಕ್ಲರ್ (ಬೆಂಕಿಯ ಶಾಖಕ್ಕೆ ತಾನಾಗಿ ನೀರು ಚಿಮ್ಮಿಸುವ ಸಾಧನ) ಕಡ್ಡಾಯವೆಂಬ ನಿಯಮವನ್ನು ಪೆನ್ಸಿಲ್ವೇನಿಯಾ 2011ರಲ್ಲಿ ಕೈಬಿಟ್ಟಿತು. ಕ್ಯಾಲಿಫೋರ್ನಿಯಾ, ಮೇರಿಲ್ಯಾಂಡ್‌ಗಳಲ್ಲಿ ಅದು ಇದೆ. ಹೊಸದಾಗಿ ಕಟ್ಟಿಸುವುದಾದರೆ ಕೇಳಿ ಹಾಕಿಸಿಕೊಳ್ಳಿ.

ಹಣದ ಬಗ್ಗೆ ಇನ್ನೊಂದು ಮಾತು: ಬೆಂಕಿ ಆರಿಸಲು ಬಂದ ಇಂಜಿನ್ನಿಗೆ ಊರಿನವರಿಂದ ಸಾಮಾನ್ಯವಾಗಿ ಹಣ ಕೇಳುವುದಿಲ್ಲ, ಆಸ್ಪತ್ರೆಗೆ ಒಯ್ದ ಆಂಬುಲೆನ್ಸ್‌ಗೆ ಬಿಲ್ ಬರುತ್ತದೆ. ಅನಿರೀಕ್ಷಿತ ವೈದ್ಯಕೀಯ ಬಿಲ್ಲುಗಳನ್ನು ತಡೆಯುವ 2022ರಿಂದ ಜಾರಿಯಲ್ಲಿರುವ ಫೆಡರಲ್ ಕಾನೂನು ರಸ್ತೆಯ ಆಂಬುಲೆನ್ಸನ್ನು ಹೊರಗಿಟ್ಟಿದೆ. ಆಂಬುಲೆನ್ಸ್ ಸಂಸ್ಥೆಗಳು ವರ್ಷಕ್ಕೊಮ್ಮೆ ಸದಸ್ಯತ್ವಕ್ಕೆ ಕಾಗದ ಕಳುಹಿಸುವುದುಂಟು. ಜಾಹೀರಾತೆಂದು ಎಸೆಯದೆ ಓದಿ ನೋಡಿ.

ಸಾಧ್ಯವಾದರೆ ಅಭ್ಯಾಸದ ಸಂಜೆ ಒಮ್ಮೆ ಠಾಣೆಗೆ ಹೋಗಿ. ಹೊಸ ಮನೆಯವರೆಂದು ತಿಳಿದರೆ ಅವರು ಸಂತೋಷದಿಂದ ಮಾತನಾಡುತ್ತಾರೆ, ಮತ್ತು ನೀವೂ ಸೇರಿ ಎಂದು ಕರೆದೇ ಕರೆಯುತ್ತಾರೆ. ಮನೆಯಿಂದಲೇ ಕೆಲಸ ಮಾಡುವ ನಿಮ್ಮಂಥವರು ಹಗಲಿನ ಹೊತ್ತು ಊರಿನಲ್ಲಿರುವುದರಿಂದ ಅವರಿಗೆ ತುಂಬ ಬೇಕಾದವರು. ಪೌರತ್ವ ಕೇಳದ ದಳಗಳಿವೆ, ಉರಿಯುವ ಮನೆಯೊಳಗೆ ಹೋಗದೆ ವಾಹನ ಓಡಿಸುವ, ಲೆಕ್ಕಪತ್ರ ನೋಡಿಕೊಳ್ಳುವ ಕೆಲಸಗಳೂ ಇವೆ. ಆದರೆ ನೀವು ಎಚ್-1ಬಿ ವೀಸಾದಲ್ಲಿ ಇರುವುದರಿಂದ ಒಂದು ಎಚ್ಚರಿಕೆ: ಕೆಲವು ದಳಗಳು ಪ್ರತಿ ಕರೆಗೆ ಇಷ್ಟು ಎಂದು ಹಣ ಕೊಡುತ್ತವೆ, ತೆರಿಗೆ ರಿಯಾಯಿತಿ, ಪಿಂಚಣಿಯಂಥ ಸವಲತ್ತುಗಳೂ ಇರುತ್ತವೆ. ಅವು ಅನುಮತಿಯಿಲ್ಲದ ಉದ್ಯೋಗವೆಂದು ಎಣಿಕೆಯಾಗಬಹುದೇ ಎಂಬುದನ್ನು ವಲಸೆ ವಕೀಲರಲ್ಲಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಅರ್ಜಿಗೆ ಸಹಿ ಹಾಕಿ.