ಒತ್ತಡ ಇಳಿದರೆಲ್ಲ ಸೋರಿಕೆಯಲ್ಲ

ಪ್ರಶ್ನೆ: ಕಾರಿಗೆ ಸಿಎನ್‌ಜಿ ತುಂಬಿಸಿದಾಗ ಒತ್ತಡದ ಮುಳ್ಳು 200 ಬಾರ್ ತೋರಿಸುತ್ತದೆ. ಎರಡು ಗಂಟೆ ನಿಲ್ಲಿಸಿದರೆ 180ಕ್ಕೆ ಇಳಿದಿರುತ್ತದೆ. ಸೋರುತ್ತಿದೆಯೇ? ಏರು ಹತ್ತುವಾಗ ಎಂಜಿನ್ ತಡವರಿಸಿ ಮಿಸ್ ಆಗುವುದೂ ಇದೆ.

ಉತ್ತರ: ಬಹುಪಾಲು ಇದು ಬಿಸಿಯ ಪರಿಣಾಮ. ವೇಗವಾಗಿ ತುಂಬುವಾಗ ಸಿಲಿಂಡರಿನೊಳಗಿನ ಅನಿಲ ಒತ್ತಿಕೊಂಡು ಬಿಸಿಯಾಗುತ್ತದೆ, ಒತ್ತಡ ಬೇಗ ಏರುತ್ತದೆ. ತಣಿದ ಮೇಲೆ ಇಳಿಯುತ್ತದೆ. ಹಾಗಾಗಿ ತುಂಬಿಸಿದ ಕೂಡಲೇ ಮುಳ್ಳನ್ನು ನಂಬಬೇಡಿ, ಎಷ್ಟು ಕೆ.ಜಿ. ತುಂಬಿತೆಂಬ ಲೆಕ್ಕ ಬರೆದಿಡಿ. 60 ಲೀಟರ್ ಸಿಲಿಂಡರ್ ಎಂದರೆ, ಆ 60 ಅದು ಹಿಡಿಯುವ ನೀರಿನ ಅಳತೆ. ಅದರಲ್ಲಿ 200 ಬಾರ್‌ಗೆ ಕೂರುವ ಅನಿಲ ಸುಮಾರು 9ರಿಂದ 10 ಕೆ.ಜಿ. ಮಾತ್ರ.

ಪೂರ್ತಿ ತಣಿದ ನಂತರವೂ, ಗಾಡಿ ಓಡಿಸದೆಯೇ, ಮುಳ್ಳು ಇಳಿಯುತ್ತಲೇ ಹೋದರೆ ಅನುಮಾನಿಸಿ. ವಾಲ್ವ್ ಮತ್ತು ಪೈಪಿನ ಪ್ರತಿ ಜೋಡಣೆಗೆ ಸೋಪಿನ ನೊರೆ ಹಚ್ಚಿ. ಒಂದೇ ಜಾಗದಲ್ಲಿ ಗುಳ್ಳೆ ಉಬ್ಬುತ್ತಿದ್ದರೆ ಸೋರಿಕೆ ಅಲ್ಲೇ. ಸಿಲಿಂಡರ್ ವಾಲ್ವ್ ಮುಚ್ಚಿ ಮೆಕ್ಯಾನಿಕ್‌ನನ್ನು ಕರೆಯಿರಿ. ಒತ್ತಡವಿರುವಾಗ ನಟ್ಟಿಗೆ ಸ್ಪ್ಯಾನರ್ ಹಾಕಲೇಬೇಡಿ, ದಯವಿಟ್ಟು. ಬೆಂಕಿಕಡ್ಡಿ ಗೀರಿ ನೋಡುವುದಂತೂ ಪ್ರಾಣಕ್ಕೇ ಅಪಾಯ.

ಮಿಸ್ ಆಗುವುದಕ್ಕೆ ಮೊದಲು ಸ್ಪಾರ್ಕ್ ಪ್ಲಗ್ ನೋಡಿಸಿ. ಸಿಎನ್‌ಜಿ ಹೊತ್ತಿಕೊಳ್ಳಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಕಿಡಿ ಹಾರುವ ಗ್ಯಾಪ್ ಅಗಲವಾದರೆ ಭಾರ ಬಿದ್ದಾಗ ಕಿಡಿ ತಪ್ಪುತ್ತದೆ. ಏರ್ ಫಿಲ್ಟರ್ ಕಟ್ಟಿದ್ದರೂ ಎಳೆತ ಕುಗ್ಗುತ್ತದೆ.