ಕಾಲಿನ ಚಿಂತೆ ಆಮೇಲೆ, ಮೊದಲು ಮೂತ್ರಕೋಶ ನೋಡಿ

ಬೆನ್ನುಹುರಿ ಸರಿಯಾಗಿ ಮುಚ್ಚದೆ ಬೆನ್ನಲ್ಲಿ ಗಂಟಿನೊಂದಿಗೆ (ಸ್ಪೈನಾ ಬೈಫಿಡಾ) ಹುಟ್ಟಿದ ಮಗುವಿಗೆ ಆಪರೇಷನ್ ಆಗಿದೆ, ಮುಂದೆ ನಡೆಯುತ್ತದಾ ಅಂತ ಕೇಳಿದ್ದೀರಿ. ಮಗಳು ಹುಟ್ಟಿದಾಗ ಕಂಡ ಡಾಕ್ಟರಿಗೆಲ್ಲ ನಾನು ಕೇಳಿದ್ದೂ ಇದನ್ನೇ. ಕಾಲು ನೋಡುತ್ತಾ ಕೂತು ಅವಳ ಒಂದು ಕಿಡ್ನಿ ಕಳೆದೆ.

ಡೈಪರ್ ದಿನಕ್ಕೆ ಏಳೆಂಟು ಸಲ ಒದ್ದೆಯಾಗುತ್ತಿತ್ತು. ಮೂತ್ರ ಸಲೀಸಾಗಿ ಹೋಗುತ್ತಿದೆಯಲ್ಲ, ಟ್ಯೂಬ್ ಹಾಕಿ ಮಗುವನ್ನು ಯಾಕೆ ಗೋಳಾಡಿಸಲಿ ಅಂತ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಟ್ಯೂಬ್) ಹಾಕುವುದನ್ನೇ ಬಿಟ್ಟುಬಿಟ್ಟೆ. ಒದ್ದೆ ಡೈಪರನ್ನು ನಂಬಿದ್ದೇ ತಪ್ಪು. ಮೂತ್ರಕೋಶ ಹಿಂಡುವುದಕ್ಕೂ ಅದರ ಬಾಯಿ ಸಡಿಲವಾಗುವುದಕ್ಕೂ ಬೆನ್ನುಹುರಿಯ ತುದಿಯ ನರಗಳೇ ಬೇಕು. ಈ ಗಂಟಿನಲ್ಲಿ ಕೆಡುವುದು ಅವೇ. ಹಲವು ಮಕ್ಕಳಲ್ಲಿ ಮೂತ್ರಕೋಶ ಹಿಂಡುತ್ತದೆ, ಬಾಯಿ ಬಿಗಿದೇ ಇರುತ್ತದೆ. ಒತ್ತಡ ಏರಿ ಏರಿ, ತುಳುಕಿದ್ದಷ್ಟು ಮಾತ್ರ ಹೊರಗೆ ಬರುತ್ತದೆ. ಡೈಪರಿನಲ್ಲಿ ನಾನು ಕಂಡದ್ದು ಆ ತುಳುಕನ್ನು. ಸೋರುವ ಹೊತ್ತಿಗೆ ಒಳಗಿನ ಒತ್ತಡ ನೀರಿನ ಮಟ್ಟದ ಲೆಕ್ಕದಲ್ಲಿ 40 ಸೆಂ.ಮೀ. ದಾಟಿದ್ದರೆ ಕಿಡ್ನಿಗೆ ಅಪಾಯ: ಮೂತ್ರ ಹಿಂದಕ್ಕೆ ನುಗ್ಗುತ್ತದೆ, ಸೋಂಕನ್ನೂ ಒಯ್ಯುತ್ತದೆ. ಸಂವೇದನೆ ಕಡಿಮೆ ಇರುವುದರಿಂದ ಮಗು ಅಳುವುದೂ ಇಲ್ಲ. ಮೇಲಿಂದ ಮೇಲೆ ಜ್ವರ ಬಂದು ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಕಿಡ್ನಿ ಸುಕ್ಕಿಹೋಗಿತ್ತು.

ಹಾಗಾಗಿ ಕಿಡ್ನಿ ಸ್ಕ್ಯಾನ್ ಈಗಲೇ ಆಗಲಿ. ಮೂತ್ರಕೋಶದ ಒತ್ತಡ ಅಳೆಯುವ ಯೂರೋಡೈನಮಿಕ್ ಪರೀಕ್ಷೆ ಮೊದಲ ಕೆಲವು ತಿಂಗಳಲ್ಲೇ ಮುಗಿಯಲಿ. ಕ್ಯಾಥೆಟರ್ ಬೇಕೆಂದರೆ ಸಾಮಾನ್ಯವಾಗಿ 3–4 ಗಂಟೆಗೊಮ್ಮೆ. ಶಿಶುಗಳಿಗೆ 6 ಅಥವಾ 8 ಫ್ರೆಂಚ್ (ಟ್ಯೂಬಿನ ದಪ್ಪದ ಅಳತೆ). ಸೋಪಿನಲ್ಲಿ ಕೈ ತೊಳೆದರೆ ಸಾಕು, ಆಪರೇಷನ್ ಥಿಯೇಟರಿನ ಮಡಿ ಬೇಡ. ಹರಿವು ನಿಂತ ಕೂಡಲೇ ಟ್ಯೂಬ್ ಎಳೆಯಬೇಡಿ. ನಿಧಾನಕ್ಕೆ ಹಿಂದೆ ತನ್ನಿ, ತಳದಲ್ಲಿ ಉಳಿದದ್ದು ಆಗ ಬರುತ್ತದೆ. ಬಂದದ್ದನ್ನು ಅಳೆದು ಬರೆದಿಡಿ. ಲೇಟೆಕ್ಸ್ ಇಲ್ಲದ ಟ್ಯೂಬ್, ಗ್ಲೌಸ್ ಮಾತ್ರ ಬಳಸಿ, ಈ ಮಕ್ಕಳಿಗೆ ಅದರ ಅಲರ್ಜಿ ಬಲು ಬೇಗ ಹತ್ತುತ್ತದೆ.

ನಡಿಗೆ? ಗಂಟು ಎಷ್ಟು ಕೆಳಗಿದೆ ಅನ್ನುವುದರ ಮೇಲೆ. ತ್ರಿಕಾಸ್ಥಿಯ (ಸೊಂಟದ ಕೆಳಗೆ, ಬೆನ್ನುಮೂಳೆಯ ಬುಡದ ಮೂಳೆ) ಮಟ್ಟದಲ್ಲಿದ್ದರೆ ಬಹುಪಾಲು ಮಕ್ಕಳು ನಡೆಯುತ್ತಾರೆ, ಸೊಂಟದ ಮಟ್ಟದಲ್ಲಿ ಕಾಲಿಗೆ ಆಧಾರದ ಪಟ್ಟಿ, ಊರುಗೋಲು ಬೇಕಾಗಬಹುದು, ಎದೆಯ ಮಟ್ಟವಾದರೆ ಹೆಚ್ಚಾಗಿ ಗಾಲಿಕುರ್ಚಿ. ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗಬಹುದು, ಕೆಟ್ಟ ಕಿಡ್ನಿ ಇಟ್ಟುಕೊಂಡು ಕಷ್ಟ.

ತಲೆಯಲ್ಲಿ ನೀರು ತುಂಬಿ ಶಂಟ್ (ಆ ನೀರನ್ನು ಹೊರಹರಿಸುವ ಕೊಳವೆ) ಹಾಕಿದ್ದರೆ ವಾಂತಿ, ವಿಪರೀತ ಮಂಪರು, ಉಬ್ಬಿದ ನೆತ್ತಿ, ಕೆಳಗೇ ನೆಟ್ಟ ಕಣ್ಣು ಕಂಡ ದಿನವೇ ಆಸ್ಪತ್ರೆಗೆ ಓಡಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಮುಂದೆ ಯಾವಾಗಲಾದರೂ ನಡಿಗೆ ಇದ್ದಕ್ಕಿದ್ದಂತೆ ಕುಂದಿದರೆ ಅಥವಾ ಸೋರಿಕೆ ಹೊಸದಾಗಿ ಹೆಚ್ಚಿದರೆ, ಬೆನ್ನುಹುರಿ ಗಾಯದ ಕಲೆಗೆ ಅಂಟಿ ಎಳೆಯುತ್ತಿದೆಯೇ ಎಂದು ತೋರಿಸಿ.

ಇನ್ನೊಂದು ಮಗುವಿನ ಯೋಚನೆ ಇದ್ದರೆ, ಗರ್ಭ ನಿಂತ ಮೇಲೆ ಫೋಲಿಕ್ ಆ್ಯಸಿಡ್ ಮಾತ್ರೆ ಶುರುಮಾಡಿದರೆ ತಡವಾಯಿತು. ಮುಂದೆ ಮೆದುಳು, ಬೆನ್ನುಹುರಿ ಆಗುವ ನರಕೊಳವೆ ಗರ್ಭ ನಿಂತ 28 ದಿನದೊಳಗೇ ಮುಚ್ಚಬೇಕು. ಎಲ್ಲರಿಗೂ ಹೇಳುವ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ನಿಮಗೆ ಸಾಲದು. ಡಾಕ್ಟರ್ ಬರೆದುಕೊಡುವ ದಿನಕ್ಕೆ 4 ಮಿ.ಗ್ರಾಂ. ಪ್ರಮಾಣವನ್ನು ಕನಿಷ್ಠ ಒಂದು ತಿಂಗಳು ಮೊದಲಿಂದ 12 ವಾರದವರೆಗೆ ತೆಗೆದುಕೊಳ್ಳಬೇಕು. ಹತ್ತು ಮಲ್ಟಿವಿಟಮಿನ್ ನುಂಗಿ ಲೆಕ್ಕ ಸರಿಮಾಡಲು ಹೋಗಬೇಡಿ, ವಿಟಮಿನ್ ಎ ಮಿತಿಮೀರಿ ಅದೇ ಮಗುವಿಗೆ ಕಂಟಕವಾಗುತ್ತದೆ.