ಒಂದು ಚಿಕ್ಕ ಸಬ್, ಒಂದು ದೊಡ್ಡ ಸಬ್: ಜೊತೆಗೆ ಹಾಕಬಹುದಾ?

ಪ್ರಶ್ನೆ: ಸರ್, ನಮ್ಮ ಹಾಲ್ 15 ಅಡಿ ಉದ್ದ, 12 ಅಡಿ ಅಗಲ. ಹಳೆಯ 8 ಇಂಚಿನ ಪೋರ್ಟೆಡ್ (ಪೆಟ್ಟಿಗೆಯಲ್ಲಿ ಗಾಳಿ ಹೊರಬರುವ ತೂತು ಇರುವ) ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ಸ್ಪೀಕರ್ ಇತ್ತು, ಈಗ 12 ಇಂಚಿನ ಸೀಲ್ಡ್ (ಪೂರ್ತಿ ಮುಚ್ಚಿದ ಪೆಟ್ಟಿಗೆಯ) ಸಬ್ ತಂದಿದ್ದೇನೆ. ಎರಡೂ ಹಾಕಿದರೆ ಬೇಸ್ ಜಾಸ್ತಿ ಆಗಬೇಕಲ್ವಾ? ಆದರೆ ಸೋಫಾದಲ್ಲಿ ಕೂತರೆ ಮೊದಲಿಗಿಂತ ಕಡಿಮೆಯೇ ಕೇಳಿಸುತ್ತದೆ. ಬೇರೆ ಬೇರೆ ಮಾಡೆಲ್ ಸೇರಿಸಲೇಬಾರದು ಅಂತ ಸ್ನೇಹಿತರು ಹೇಳುತ್ತಾರೆ. ನಿಜವಾ? – ಓದುಗರು, ಮೈಸೂರು

ಉತ್ತರ: ಸೇರಿಸಬಹುದು. ಸ್ನೇಹಿತರ ಮಾತಿನಲ್ಲಿ ಅರ್ಧ ಸತ್ಯ ಇದೆ, ಆದರೆ ಹಳೆಯದನ್ನು ಮೂಲೆಗೆ ಹಾಕುವಷ್ಟು ಸತ್ಯ ಅಲ್ಲ.

ಮೊದಲು ಬೇಸ್ ಯಾಕೆ ಕಡಿಮೆಯಾಯಿತು ನೋಡೋಣ. ಎರಡು ಸಬ್‌ಗಳ ಶಬ್ದ ಸೋಫಾ ಹತ್ತಿರ ಬರುವಾಗ ಒಂದರ ಕೋನ್ ಗಾಳಿಯನ್ನು ತಳ್ಳುತ್ತಿದ್ದು ಇನ್ನೊಂದು ಎಳೆಯುತ್ತಿದ್ದರೆ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಸರಿಸಮ ಬಲದ ಎರಡು ಸಬ್ ಒಂದೇ ತಾಳದಲ್ಲಿ ನಡೆದರೆ 6 ಡೆಸಿಬಲ್ ಜಾಸ್ತಿ ಸಿಗುತ್ತದೆ. ಒಂದು ಇನ್ನೊಂದರ ಅರ್ಧ ಬಲದ್ದಾಗಿದ್ದರೆ, ಅಂದರೆ 6 ಡೆಸಿಬಲ್ ಕಡಿಮೆ ಇದ್ದರೆ, ಹೊಂದಿಕೊಂಡಾಗ ಸಿಗುವ ಲಾಭ ಸುಮಾರು 3.5 ಡೆಸಿಬಲ್. ಅದೇ ಪೂರ್ತಿ ಉಲ್ಟಾ ಆದರೆ 6 ಡೆಸಿಬಲ್ ನಷ್ಟ. ಚಿಕ್ಕ ಸಬ್ ಸಹಾಯ ಮಾಡುವುದಕ್ಕಿಂತ ಜಾಸ್ತಿ ಹಾಳು ಮಾಡಬಲ್ಲದು, ನಿಮಗೆ ಆಗಿರುವುದು ಬಹುಶಃ ಇದೇ.

ಸೀಲ್ಡ್ ಮತ್ತು ಪೋರ್ಟೆಡ್ ಸೇರಿಸುವಾಗ ಈ ತೊಂದರೆ ಇನ್ನೂ ಸ್ವಲ್ಪ ಹೆಚ್ಚು. 60–80 ಹರ್ಟ್ಜ್‌ನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ನಡೆಯುತ್ತವೆ. ಪೋರ್ಟ್ ಯಾವ ಕಂಪನಕ್ಕೆ ಟ್ಯೂನ್ ಆಗಿದೆಯೋ ಅದರ ಹತ್ತಿರ ಬಂದಂತೆ ಪೋರ್ಟೆಡ್ ಪೆಟ್ಟಿಗೆಯ ಫೇಸ್ (ತಳ್ಳುವ-ಎಳೆಯುವ ತಾಳ) ಬೇಗ ಬೇಗ ತಿರುಗುತ್ತದೆ, ಅದಕ್ಕಿಂತ ಕೆಳಗೆ ಹೋದರೆ ಸೀಲ್ಡ್ ಸಬ್‌ಗೆ ಹೋಲಿಸಿದಾಗ ಸುಮಾರಾಗಿ ಉಲ್ಟಾ ಆಗಿರುತ್ತದೆ. ಹಿಂದಿರುವ ಫೇಸ್ ಗುಂಡಿ ತಿರುಗಿಸಿ ಇದನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ, ಯಾಕೆಂದರೆ ಮೇಲೆ ಸರಿಹೋದರೆ ಕೆಳಗೆ ಕೆಡುತ್ತದೆ. ಸಮಾಧಾನದ ವಿಷಯ ಏನೆಂದರೆ, ಟ್ಯೂನಿಂಗ್‌ನ ಕೆಳಗೆ ಪೋರ್ಟೆಡ್ ಸಬ್‌ನ ಶಬ್ದ ಆಕ್ಟೇವ್‌ಗೆ (ಕಂಪನ ಅರ್ಧಕ್ಕೆ ಇಳಿದಾಗಲೆಲ್ಲ) 24 ಡೆಸಿಬಲ್‌ನಂತೆ ಕುಸಿಯುತ್ತದೆ, ಸೀಲ್ಡ್‌ನದು 12ರಂತೆ ಮಾತ್ರ. ತೀರಾ ಕೆಳಗೆ ಹೋದಾಗ ಚಿಕ್ಕದು ಕೆಡಿಸುವಷ್ಟು ಜೋರಾಗಿ ಇರುವುದೇ ಇಲ್ಲ. ತೊಂದರೆ ಇರುವುದು ಟ್ಯೂನಿಂಗ್ ಸುತ್ತಮುತ್ತ.

ಈಗ ಜಾಗದ ಮಾತು, ನನ್ನ ಪ್ರಕಾರ ಇದೇ ಮುಖ್ಯ. ಎರಡನೇ ಸಬ್ ತರುವುದು ಜೋರು ಮಾಡುವುದಕ್ಕೆ ಅಂತ ಜನ ಅಂದುಕೊಳ್ಳುತ್ತಾರೆ, ಆದರೆ ಅದರ ನಿಜವಾದ ಉಪಯೋಗ ಸೋಫಾದ ಎಲ್ಲ ಸೀಟಿಗೂ ಬೇಸ್ ಒಂದೇ ಸಮ ಸಿಗುವುದು. ನಿಮ್ಮ 15 ಅಡಿ ಉದ್ದಕ್ಕೆ ಸುಮಾರು 37 ಹರ್ಟ್ಜ್, 12 ಅಡಿ ಅಗಲಕ್ಕೆ ಸುಮಾರು 47 ಹರ್ಟ್ಜ್‌ನಲ್ಲಿ ಕೋಣೆ ತಾನೇ ಅನುರಣಿಸುತ್ತದೆ. ಗೋಡೆ ಹತ್ತಿರ ಗುಂಯ್ ಅನ್ನುತ್ತದೆ, ಕೋಣೆಯ ನಡುವೆ ಕೂತವರಿಗೆ ಏನೂ ಇಲ್ಲ. ಒಂದೇ ಸಬ್ ಇದ್ದಾಗ ಅದು ಎಷ್ಟೇ ದೊಡ್ಡದಾಗಿರಲಿ, ಈ ಏರಿಳಿತವನ್ನು ಎಲ್ಲ ಸೀಟಿಗೂ ಸರಿಮಾಡುವುದು ಕಷ್ಟ. ಹರ್ಮನ್ ಎಂಬ ಆಡಿಯೋ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಆಯತಾಕಾರದ ಕೋಣೆಗಳ ಬಗ್ಗೆ ಇದನ್ನೇ ಲೆಕ್ಕ ಹಾಕಿ ತೋರಿಸಿದರು: ಎದುರುಬದುರು ಗೋಡೆಗಳ ನಡುಭಾಗದಲ್ಲಿ ಒಂದೊಂದು ಸಬ್ ಇಟ್ಟರೆ ಎರಡರಲ್ಲೇ ಬಹಳ ಒಳ್ಳೆಯ ಫಲ, ನಾಲ್ಕು ದಾಟಿದರೆ ಹೆಚ್ಚಿನ ಲಾಭ ಇಲ್ಲ.

ಹಾಗಾಗಿ ದೊಡ್ಡದನ್ನು ಟಿವಿ ಇರುವ ಗೋಡೆಯ (ಅದು 12 ಅಡಿಯ ಗೋಡೆ ಅಂದುಕೊಂಡಿದ್ದೇನೆ) ಮಧ್ಯಕ್ಕೆ ಇಡಿ, ಚಿಕ್ಕದನ್ನು ಸೋಫಾದ ಹಿಂದಿನ ಗೋಡೆಯ ಮಧ್ಯಕ್ಕೆ. ಎರಡೂ ಅಗಲದ ನಡುವೆ ಇರುವುದರಿಂದ 47 ಹರ್ಟ್ಜ್‌ನ ಗುಂಯ್ ಏಳುವುದೇ ಇಲ್ಲ, ಇದಕ್ಕೆ ಸಬ್‌ಗಳು ಒಂದೇ ಮಾಡೆಲ್ ಆಗಬೇಕಿಲ್ಲ. ಉದ್ದದ 37 ಹರ್ಟ್ಜ್ ಮಾತ್ರ ಬೇರೆ ಕಥೆ. ಅಲ್ಲಿ ಎರಡೂ ಸಮಬಲದಲ್ಲಿ ದುಡಿದರೆ ತಾನೇ ಅದು ಅಡಗುವುದು, 8 ಇಂಚಿನದಕ್ಕೆ ಅಷ್ಟು ಕೆಳಗೆ ದಮ್ಮು ಕಡಿಮೆ. ಸ್ನೇಹಿತರ ಮಾತು ನಿಜವಾಗುವುದು ಇಲ್ಲಿ. ಚಿಕ್ಕದು ಕಿವಿಗೆ ಹತ್ತಿರ ಇದ್ದರೆ ಅದರ ವಾಲ್ಯೂಮ್ ಕಡಿಮೆ ಇಟ್ಟರೂ ಸಾಕಾಗುತ್ತದೆ, ಪೋರ್ಟ್‌ನಿಂದ ಫುಸ್ ಫುಸ್ ಅಂತ ಗಾಳಿ ಸದ್ದು ಬರುವಷ್ಟು ಅದನ್ನು ಹಿಂಡಬೇಕಾಗಿಲ್ಲ. ಇದಕ್ಕೇ ಅದನ್ನು ಹಿಂದೆ ಇಡಲು ಹೇಳಿದ್ದು.

ಅಳತೆಯ ಮೈಕ್ ಇಲ್ಲದೆ ಪರೀಕ್ಷೆ ಮಾಡುವುದು ಹೀಗೆ. ಎರಡೂ ಸಬ್‌ನ ಸ್ವಂತ ಕ್ರಾಸ್‌ಓವರ್ ಗುಂಡಿಯನ್ನು (ಸಬ್ ಯಾವ ಕಂಪನದವರೆಗೆ ನುಡಿಯಬೇಕು ಅಂತ ಕತ್ತರಿಸುವುದು) ಪೂರ್ತಿ ಮೇಲಕ್ಕೆ ತಿರುಗಿಸಿ, ಎಲ್‌ಎಫ್‌ಇ (ಸಬ್‌ನ ಸ್ವಂತ ಕ್ರಾಸ್‌ಓವರ್ ಬಳಸದ ಸೆಟ್ಟಿಂಗ್) ಅಂತ ಇದ್ದರೆ ಅದಕ್ಕೆ ಹಾಕಿ, ರಿಸೀವರ್‌ನಲ್ಲಿ (ಎಲ್ಲ ಸ್ಪೀಕರ್‌ಗಳನ್ನೂ ನಡೆಸುವ ಹೋಮ್ ಥಿಯೇಟರ್ ಆಂಪ್ಲಿಫೈಯರ್) 80 ಹರ್ಟ್ಜ್ ಇಡಿ. ಈ ಕೆಲಸ ಎರಡು ಕಡೆ ನಡೆದರೆ ಫೇಸ್ ಇನ್ನಷ್ಟು ಕಲಸಿಹೋಗುತ್ತದೆ. ಆಮೇಲೆ 40, 50, 60, 80 ಹರ್ಟ್ಜ್‌ನ ಟೋನ್ ಒಂದೊಂದಾಗಿ ಹಾಕಿ, ಸೋಫಾದಲ್ಲಿ ಕಿವಿ ಇರುವ ಜಾಗದಲ್ಲೇ ಫೋನಿನ ಸೌಂಡ್ ಮೀಟರ್ ಆ್ಯಪ್ ಹಿಡಿದು, ಮೊದಲು ದೊಡ್ಡದು ಮಾತ್ರ, ಆಮೇಲೆ ಚಿಕ್ಕದು ಮಾತ್ರ, ಆಮೇಲೆ ಎರಡೂ ಆನ್ ಮಾಡಿ ಬರೆದುಕೊಳ್ಳಿ. ಫೋನಿನ ಮೈಕ್ ಕೆಳಗಿನ ಕಂಪನಗಳಿಗೆ ನಂಬಿಕಸ್ಥ ಅಲ್ಲ, ಆದರೆ ಒಂದೇ ಫೋನ್, ಒಂದೇ ಜಾಗ, ಒಂದೇ ಟೋನ್ ಆದರೆ ಹೋಲಿಕೆಗೆ ಸಾಕು. ಎರಡೂ ಸೇರಿದಾಗ ಬರುವ ಸಂಖ್ಯೆ ದೊಡ್ಡದು ಒಂಟಿಯಾಗಿ ಕೊಟ್ಟದ್ದಕ್ಕಿಂತ ಕಡಿಮೆ ಇದ್ದರೆ ಚಿಕ್ಕದರ ಫೇಸ್ 0ಯಿಂದ 180ಕ್ಕೆ ತಿರುಗಿಸಿ ಮತ್ತೆ ನೋಡಿ. ಎಲ್ಲ ಟೋನಿಗೂ ಲಾಭ ಸಿಗಲಿಕ್ಕಿಲ್ಲ, 50ರಿಂದ 80ರವರೆಗೆ ಸಿಕ್ಕಿದರೆ ಗೆದ್ದ ಹಾಗೆ, ಸಂಗೀತದಲ್ಲಿ ಪೆಟ್ಟು ಅಂತ ಅನಿಸುವ ಭಾಗ ಹೆಚ್ಚಾಗಿ ಅಲ್ಲೇ ಇರುವುದು.

ಇನ್ನೂ ಸೂಕ್ಷ್ಮವಾಗಿ ಮಾಡುವ ಆಸೆ ಇದ್ದರೆ ಯುಮಿಕ್-1 ಥರದ ಯುಎಸ್‌ಬಿ ಮೈಕ್ ತೆಗೆದುಕೊಳ್ಳಿ. ಅಳತೆ ಮಾಡುವ ರೂಮ್ ಇಕ್ಯೂ ವಿಝರ್ಡ್ ಸಾಫ್ಟ್‌ವೇರ್ ಉಚಿತ. ರಿಸೀವರ್ ಮತ್ತು ಸಬ್‌ಗಳ ನಡುವೆ ಮಿನಿಡಿಎಸ್‌ಪಿ ಥರದ ಸಿಗ್ನಲ್ ತಿದ್ದುವ ಪೆಟ್ಟಿಗೆ ಹಾಕಿದರೆ ಪ್ರತಿ ಸಬ್‌ಗೂ ಬೇರೆ ಬೇರೆ ಡಿಲೇ, ಲೆವೆಲ್, ಫಿಲ್ಟರ್ ಕೊಡಬಹುದು. ಬೇರೆ ಬೇರೆ ಸಬ್ ಇರುವವರಿಗೆ ಇದರಷ್ಟು ಉಪಯೋಗದ ಖರ್ಚು ಇನ್ನೊಂದಿಲ್ಲ. ಎರಡೂ ಒಂದಕ್ಕೊಂದು ಹೊಂದಿಕೊಂಡ ಮೇಲಷ್ಟೇ ರಿಸೀವರ್‌ನ ಆಟೋ ಸೆಟಪ್ (ರಿಸೀವರ್ ಮೈಕ್‌ನಿಂದ ಸ್ಪೀಕರ್‌ಗಳನ್ನು ತಾನೇ ಅಳೆದು ಹೊಂದಿಸುವುದು) ಓಡಿಸಿ, ಮೊದಲೇ ಓಡಿಸಿದರೆ ಅದು ಜಗಳವನ್ನೇ ಅಳೆದು ಕೂರುತ್ತದೆ.

ಪ್ರಶ್ನೆ: ಸಬ್ ನನ್ನಿಂದ 9 ಅಡಿ ದೂರ ಇದೆ, ಆಟೋ ಸೆಟಪ್ 17 ಅಡಿ ಅಂತ ತೋರಿಸುತ್ತದೆ. ತಿದ್ದಬೇಕಾ? ಇದೇ ಔಟ್‌ಪುಟ್‌ಗೆ ವೈ ಕೇಬಲ್ (ಒಂದು ಸಿಗ್ನಲ್ ಅನ್ನು ಎರಡು ಕವಲು ಮಾಡುವುದು) ಹಾಕಿ ಇನ್ನೊಂದು ಸಬ್ ಜೋಡಿಸಿದರೆ ಗುಂಯ್ ಅಂತ ಸದ್ದು ಬೇರೆ ಬರುತ್ತದೆ. – ಓದುಗರು, ಹುಬ್ಬಳ್ಳಿ

ಉತ್ತರ: ತಿದ್ದಬೇಡಿ. ರಿಸೀವರ್ ಟೇಪ್ ಹಿಡಿದು ಅಳೆಯುವುದಿಲ್ಲ, ಶಬ್ದ ಬರಲು ಎಷ್ಟು ಹೊತ್ತಾಯಿತು ಅಂತ ನೋಡುತ್ತದೆ. ಶಬ್ದ ಒಂದು ಮಿಲಿಸೆಕೆಂಡಿಗೆ ಒಂದಡಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ, ಸಬ್‌ನ ಒಳಗಿನ ಫಿಲ್ಟರ್, ಡಿಎಸ್‌ಪಿ (ಸಿಗ್ನಲ್ ಅನ್ನು ಡಿಜಿಟಲ್ ಆಗಿ ತಿದ್ದುವ ಚಿಪ್) ಸೇರಿ ಏಳು ಮಿಲಿಸೆಕೆಂಡ್ ತಡ ಮಾಡಿದರೆ ಆ ಎಂಟು ಅಡಿ ಅಲ್ಲಿಂದಲೇ ಬಂದಿದೆ. ಬೇರೆ ಮಾಡೆಲ್‌ನ ತಡ ಬೇರೆ ಇರುತ್ತದೆ, ವೈ ಕೇಬಲ್‌ನಲ್ಲಿ ಎರಡಕ್ಕೂ ಒಂದೇ ಡಿಲೇ ಹೋಗುತ್ತದೆ. ನಿಮ್ಮ ರಿಸೀವರ್‌ಗೆ ಎರಡು ಸಬ್ ಔಟ್‌ಪುಟ್ ಇದ್ದರೂ ಒಮ್ಮೆ ಮ್ಯಾನುಯಲ್ ನೋಡಿ. ಎಷ್ಟೋ ರಿಸೀವರ್‌ಗಳಲ್ಲಿ ಆ ಎರಡು ತೂತಿನಿಂದ ಬರುವುದು ಒಂದೇ ಸಿಗ್ನಲ್, ಎರಡಕ್ಕೂ ಬೇರೆ ದೂರ ಮತ್ತು ಲೆವೆಲ್ ಕೊಡುವ ಅವಕಾಶ ಇದೆಯಾ ಅಂತ ಖಚಿತ ಮಾಡಿಕೊಳ್ಳಿ.

ಗುಂಯ್ ಸದ್ದು ಅರ್ತಿಂಗ್ ಕಡೆಯಿಂದ ಬರುತ್ತಿರಬಹುದು. ಎರಡೂ ಸಬ್ ಮತ್ತು ರಿಸೀವರ್‌ಗೆ ಒಂದೇ ಸಾಕೆಟ್ ಬೋರ್ಡಿನಿಂದ ಕರೆಂಟ್ ಕೊಟ್ಟು ನೋಡಿ. ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ತ್ ಪಿನ್ ತೆಗೆದರೆ ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಜೀವಕ್ಕೆ ಅಪಾಯ.

ಪ್ರಶ್ನೆ: ಹಳೆಯ 5.1 ಸೆಟ್‌ನ ಸಬ್‌ವೂಫರ್ ಸುಮ್ನೆ ಬಿದ್ದಿದೆ, ಹೊಸ ಸಬ್ ಜೊತೆ ಸೇರಿಸಬಹುದಾ? – ಓದುಗರು, ಶಿವಮೊಗ್ಗ

ಉತ್ತರ: ಅದರ ಹಿಂದೆ ಪವರ್ ಕಾರ್ಡ್ ಇದೆಯಾ ನೋಡಿ. ಇಲ್ಲದಿದ್ದರೆ ಅದು ಪ್ಯಾಸಿವ್ (ಒಳಗೆ ಸ್ವಂತ ಆಂಪ್ಲಿಫೈಯರ್ ಇಲ್ಲದ್ದು), ರಿಸೀವರ್‌ನ ಸಬ್ ಔಟ್‌ಪುಟ್‌ಗೆ ನೇರವಾಗಿ ಹಾಕಿದರೆ ಏನೂ ಕೇಳಿಸುವುದಿಲ್ಲ. ಬೇರೆ ಆಂಪ್ಲಿಫೈಯರ್ ಬೇಕು, ಅದರಲ್ಲೂ ಇಂಥ ಸೆಟ್‌ಗಳಲ್ಲಿ 3 ಓಮ್‌ನಂಥ ಕಡಿಮೆ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ಅಡ್ಡಿ) ಇರುವುದುಂಟು, ಎಲ್ಲ ಆಂಪ್ಲಿಫೈಯರ್ ಅದನ್ನು ತಾಳಿಕೊಳ್ಳುವುದಿಲ್ಲ. ಆ ಆಂಪ್ಲಿಫೈಯರ್‌ಗೆ ಕೊಡುವ ದುಡ್ಡನ್ನು ಕೂಡಿಟ್ಟು ನಿಮ್ಮ ಹೊಸ ಸಬ್‌ನ ಮಾಡೆಲ್‌ನದೇ ಇನ್ನೊಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕಿ.